ಎರಡನೆಯ ಚೌಕದ ಚುಕ್ಕೆಗಳು

ಸೆಪ್ಟೆಂಬರ್ 1, ಸೋಮವಾರ

ವಿಜ್ಞಾನದ ಟೀಚರ್ ಮನೆಯ ಮೆಟ್ಟಿಲಿನಿಂದ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಮಂಡಿಯ ಕೆಳಗೆ ಎರಡು ಕಡೆ. ಆರು ವಾರ ಶಾಲೆಯ ಕಡೆ ತಲೆ ಹಾಕುವ ಹಾಗಿಲ್ಲ. ಸುದ್ದಿ ಬಂದಾಗ ನಾನು ಲ್ಯಾಬಿನಲ್ಲಿ ಬೀಕರ್ ತೊಳೆಯುತ್ತಿದ್ದೆ. ಅಯ್ಯೋ ಪಾಪ ಎಂದು ಪೂರ್ತಿ ಅನ್ನುವಷ್ಟರಲ್ಲಿ ದೊಡ್ಡ ಮೇಡಂ ಹೇಳಿಕಳಿಸಿದರು.

ಹೋದರೆ, ಕೂತುಕೋ ಎಂದರು. ಈ ಹೆಣ್ಣುಮಕ್ಕಳ ಶಾಲೆಯಲ್ಲಿ ಹದಿಮೂರು ವರ್ಷದಿಂದ ಲ್ಯಾಬ್ ಸಹಾಯಕಿಯಾಗಿದ್ದೇನೆ, ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ನನಗೆ ಕುರ್ಚಿ ಸಿಕ್ಕಿದ್ದು ಇದೇ ಮೊದಲು. ಏನೋ ತಲೆಗೆ ಕಟ್ಟುತ್ತಾರೆ ಎಂದು ಆಗಲೇ ಗೊತ್ತಾಯಿತು. ಕಟ್ಟಿದರು. ಎಂಟನೆಯ ತರಗತಿಯ ನಾಲ್ಕನೆಯ ಪೀರಿಯಡ್ಡಿಗೆ ನಾನು ಹೋಗಿ ಕೂರಬೇಕಂತೆ. ಟೀಚರ್ ನೋಟ್ಸ್ ಇದೆ, ಅದನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಗಲಾಟೆ ಆಗದಿದ್ದರೆ ಸಾಕು. ಪಾಠಗೀಠ ಮಾಡಲು ಹೋಗಬೇಡ ಎಂದು ಎರಡು ಸಲ ಹೇಳಿದರು. ನಾನು ಯಾಕೆ ಹೋಗಲಿ? ಒಂದು ವರ್ಷ ಕಾಲೇಜಿಗೆ ಹೋಗಿ, ಮದುವೆ ಗೊತ್ತಾಯಿತೆಂದು ಪುಸ್ತಕ ಮಡಚಿಟ್ಟವಳು ನಾನು. ಬಾಟಲಿ ತೊಳೆಯುವುದು ನನ್ನ ಕೆಲಸ, ಅದನ್ನು ಚೆನ್ನಾಗಿ ಮಾಡುತ್ತೇನೆ.

ಯಾರ ಹತ್ತಿರವಾದರೂ ಗೊಣಗಬೇಕು ಅನ್ನಿಸಿತು. ಮನೆಯಲ್ಲಿ ಗೊಣಗಿದರೆ ಅತ್ತೆ ಅದನ್ನು ಒಂದಕ್ಕೆ ಹತ್ತು ಮಾಡಿ ಮಗನಿಗೆ ಹೇಳುತ್ತಾರೆ. ಅದಕ್ಕೇ ಲ್ಯಾಬಿನ ಹಳೆಯ ದಾಸ್ತಾನು ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಆರು ವಾರ ಅಂದರೆ ನಲವತ್ತೆರಡು ದಿನ.

ಸೆಪ್ಟೆಂಬರ್ 3, ಬುಧವಾರ

ಇನ್ನು ನಲವತ್ತು ದಿನ.

ಟೀಚರ್ ಮಕ್ಕಳು ಒಟ್ಟು ಮೂವತ್ತಾರು. ನಾನು ಒಳಗೆ ಕಾಲಿಟ್ಟರೆ ಯಾರೂ ಏಳಲಿಲ್ಲ. ಲ್ಯಾಬಿನ ಅಕ್ಕ ಏನೋ ಸಾಮಾನು ಒಯ್ಯಲು ಬಂದಿದ್ದಾಳೆ ಎಂದುಕೊಂಡಿರಬೇಕು. ನಾನು ಸೀಮೆಸುಣ್ಣ ಹಿಡಿದ ಮೇಲೂ ಅರ್ಧ ತರಗತಿ ಮಾತಾಡುತ್ತಲೇ ಇತ್ತು.

ಪಾಠ: ವಸ್ತುವಿನ ಸ್ಥಿತಿಗಳು. ಎಲ್ಲವೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಂದ ಆಗಿದೆ, ಘನದಲ್ಲಿ ಕಣಗಳ ನಡುವೆ ಅಂತರ ಕಡಿಮೆ, ದ್ರವದಲ್ಲಿ ಹೆಚ್ಚು, ಅನಿಲದಲ್ಲಿ ಬಹಳ ಹೆಚ್ಚು. ಅದರ ಕೆಳಗೆ ಮೂರು ಚೌಕದ ಚಿತ್ರ. ಮೊದಲನೆಯದರಲ್ಲಿ ಚುಕ್ಕೆಗಳು ಸಾಲಾಗಿ ಒಂದಕ್ಕೊಂದು ತಾಗಿಕೊಂಡು ಕೂತಿವೆ. ಎರಡನೆಯದರಲ್ಲಿ ಚದುರಿವೆ, ಎರಡರ ನಡುವೆ ಇನ್ನೊಂದು ಚುಕ್ಕೆ ಹಿಡಿಸುವಷ್ಟು ಜಾಗ. ಮೂರನೆಯದರಲ್ಲಿ ಐದೋ ಆರೋ ಚುಕ್ಕೆ, ಉಳಿದದ್ದೆಲ್ಲ ಖಾಲಿ. ಪಠ್ಯಪುಸ್ತಕದಲ್ಲೂ ಇದೇ ಚಿತ್ರ, ಟೀಚರ್ ನೋಟ್ಸಿನಲ್ಲೂ ಇದೇ.

ಮೊದಲ ಬೆಂಚಿನಲ್ಲಿ ಒಬ್ಬಳಿದ್ದಾಳೆ, ಬಾಯಿಗೆ ಬಿಡುವೇ ಇಲ್ಲ. ಅವಳನ್ನು ಉಳಿದವರು ರೇಡಿಯೊ ಎಂದು ಕರೆಯುತ್ತಾರೆ. ಅವಳು ಎದ್ದು, ಎರಡನೆಯ ಚೌಕದಲ್ಲಿ ಇಷ್ಟೊಂದು ಜಾಗ ಖಾಲಿ ಇದೆಯಲ್ಲ ಅಕ್ಕಾ, ಹಾಗಾದರೆ ನೀರನ್ನು ಒತ್ತಿ ಅರ್ಧ ಮಾಡಬಹುದಾ ಎಂದು ಕೇಳಿದಳು. ತರಗತಿ ನಕ್ಕಿತು. ಮೊದಲು ಬರೆದುಕೋ ತಾಯಿ ಎಂದೆ. ಬರೆದುಕೊಂಡಳು.

ಸೆಪ್ಟೆಂಬರ್ 4, ಗುರುವಾರ

ಆ ಹುಡುಗಿಯ ಪ್ರಶ್ನೆ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತಿತ್ತು. ಸಂಜೆ ಸಾಮಾನೆಲ್ಲ ಒರೆಸಿಟ್ಟ ಮೇಲೆ ಸೂಜಿಯಿಲ್ಲದ ಸಿರಿಂಜ್ ಒಂದನ್ನು ತೆಗೆದು ನೀರು ತುಂಬಿ, ತುದಿಗೆ ಬೆರಳು ಅದುಮಿ ಹಿಡಿದು ಒತ್ತಿದೆ. ಒಂದು ಕೂದಲೆಳೆಯಷ್ಟೂ ಹೋಗಲಿಲ್ಲ. ಸಿರಿಂಜ್ ಕೆಟ್ಟಿದೆ ಎಂದುಕೊಂಡು ಇನ್ನೊಂದನ್ನು ತೆಗೆದೆ. ಅದೂ ಅಷ್ಟೆ. ನೀರು ಚೆಲ್ಲಿ ಬರೀ ಗಾಳಿ ಎಳೆದು ಒತ್ತಿದರೆ ಸಲೀಸಾಗಿ ಅರ್ಧಕ್ಕೆ ಹೋಯಿತು, ಕೈ ಬಿಟ್ಟರೆ ವಾಪಸ್ಸು ಬಂತು.

ಹಾಗಾದರೆ ನೀರಿನ ಕಣಗಳ ನಡುವೆ ಜಾಗವೇ ಇಲ್ಲ. ಇದ್ದರೂ ಇಲ್ಲವೆನ್ನುವಷ್ಟು. ಘನದ ಹಾಗೆಯೇ ಒಂದಕ್ಕೊಂದು ತಾಗಿಕೊಂಡಿವೆ, ಸಾಲು ಮಾತ್ರ ತಪ್ಪಿದೆ, ಅದಕ್ಕೇ ಜಾರಿ ಹರಿಯುತ್ತವೆ. ಎರಡನೆಯ ಚೌಕ ತಪ್ಪು.

ಹದಿಮೂರು ವರ್ಷದಿಂದ ಈ ಸಿರಿಂಜುಗಳನ್ನು ತೊಳೆದು ಡಬ್ಬಿಗೆ ಹಾಕಿದ್ದೇನೆ. ಒಂದು ದಿನವೂ ಒತ್ತಿ ನೋಡಿರಲಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಇನ್ನು ಮೂವತ್ತೆಂಟು.

ಪಾಠ ಮಾಡಲಿಲ್ಲ. ಆರು ಸಿರಿಂಜ್ ಮತ್ತು ಒಂದು ಬಕೆಟ್ ನೀರು ತೆಗೆದುಕೊಂಡು ಹೋದೆ, ಅಷ್ಟೆ. ರೇಡಿಯೊ ಕೇಳಿದ್ದಕ್ಕೆ ಉತ್ತರ ನೀವೇ ನೋಡಿಕೊಳ್ಳಿ ಎಂದೆ. ಅಷ್ಟಕ್ಕೇ ತರಗತಿ ಸಂತೆಯಾಯಿತು. ಬೆಂಚು, ಪುಸ್ತಕ, ಲಂಗ ಎಲ್ಲ ಒದ್ದೆ. ರೇಡಿಯೊ ತನ್ನದು ಹೋಯಿತು ಎಂದು ಕಿರುಚಿದಳು. ಒಂದು ಗೀಟಿನಷ್ಟು ಹೋಗಿತ್ತು, ನಿಜ. ಆಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, ರೇಡಿಯೊ ಕೈಯಿಂದ ಸಿರಿಂಜ್ ತೆಗೆದುಕೊಂಡು, ಅದರ ಮೂಲೆಯಲ್ಲಿದ್ದ ಸಣ್ಣ ಗಾಳಿಗುಳ್ಳೆಯನ್ನು ಉಗುರಿನಿಂದ ತೋರಿಸಿದಳು. ಮಾತಿಲ್ಲ ಕತೆಯಿಲ್ಲ. ತುದಿ ಮೇಲೆ ಮಾಡಿ ಗುಳ್ಳೆ ಹೊರಗೆ ಬಿಟ್ಟು ಮತ್ತೆ ಒತ್ತಿದಳು. ಹೆಬ್ಬೆರಳು ಬಿಳಿಚಿಕೊಳ್ಳುವ ತನಕ ಒತ್ತಿದಳು. ಹೋಗಲಿಲ್ಲ.

ಅವಳು ಯಾರ ಹತ್ತಿರವೂ ಮಾತಾಡುವುದಿಲ್ಲವಂತೆ. ಎಲ್ಲರೂ ಮೌನಿ ಎನ್ನುತ್ತಾರೆ, ಹಾಜರಿಗೂ ಕೈ ಎತ್ತುವುದೇ ಹೊರತು ಬಾಯಿ ತೆರೆಯುವುದಿಲ್ಲ.

ಬೋರ್ಡಿನ ಮೇಲಿದ್ದ ಎರಡನೆಯ ಚೌಕವನ್ನು ಒರೆಸಿ, ಚುಕ್ಕೆಗಳನ್ನು ಒತ್ತೊತ್ತಾಗಿ, ಸಾಲು ತಪ್ಪಿಸಿ ಬರೆದೆ. ಎಲ್ಲರೂ ಹಾಗೆಯೇ ಬರೆದುಕೊಂಡರು. ಟೀಚರಿಗೆ ಫೋನ್ ಮಾಡಿ ಒಂದು ಮಾತು ಹೇಳಬೇಕು.

ಸೆಪ್ಟೆಂಬರ್ 10, ಬುಧವಾರ

ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿದ್ದೆ. ಮೂವತ್ತಾರು ಜನವೂ ಕಣಗಳು. ಘನ ಎಂದರೆ ಆರು ಸಾಲು, ಭುಜಕ್ಕೆ ಭುಜ, ನಿಂತಲ್ಲೇ ಸ್ವಲ್ಪ ಅಲ್ಲಾಡಬೇಕು. ದ್ರವ ಎಂದರೆ ಭುಜ ಬಿಡಬಾರದು, ಆದರೆ ಒಬ್ಬರನ್ನೊಬ್ಬರು ದಾಟಿಕೊಂಡು ತೂರಿಕೊಂಡು ಹೋಗುತ್ತಿರಬೇಕು. ಅನಿಲ ಎಂದಾಗ ಕೇಳಬೇಕೆ, ಇಡೀ ಅಂಗಳ ಅವರದೇ. ಇಬ್ಬರು ಗೇಟಿನ ತನಕ ಓಡಿದರು. ದೊಡ್ಡ ಮೇಡಂ ಕಿಟಕಿಯಿಂದ ಬಗ್ಗಿ, ಇದೇನು ಆಟದ ಪೀರಿಯಡ್ಡಾ ಎಂದು ಕೇಳಿದರು. ರೇಡಿಯೊ ಅಲ್ಲಿಂದಲೇ, ಅನಿಲ ಮೇಡಂ, ಈಗ ತಣ್ಣಗಾಗ್ತೀವಿ ಎಂದಳು. ಮೇಡಂ ಕಿಟಕಿ ಹಾಕಿಕೊಂಡರು.

ಅತ್ತೆಗೆ ಇದನ್ನೆಲ್ಲ ಹೇಳಿದೆ. ನಗುತ್ತಾ, ಈ ಅಡುಗೆಮನೇಲಿ ನಾವಿಬ್ಬರು ನಿಂತರೆ ಯಾವುದು ಎಂದರು. ದ್ರವ ಎಂದೆ. ಒಬ್ಬರನ್ನೊಬ್ಬರು ತಾಗದೆ ಒಲೆಯಿಂದ ನಲ್ಲಿಗೆ ಹೋಗಲು ಆಗುವುದಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಮೇಣ ಕರಗಿಸಿ ಬಟ್ಟಲಿಗೆ ಸುರಿದು ಆರಲು ಬಿಟ್ಟೆ. ಗಟ್ಟಿಯಾಗುವಾಗ ಮಧ್ಯದಲ್ಲಿ ಗುಳಿ ಬಿತ್ತು. ಯಾಕೆ ಎಂದು ಕೇಳಿದೆ. ಕಣಗಳು ಇನ್ನಷ್ಟು ಹತ್ತಿರ ಬಂದವು ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು. ಭೇಷ್ ಎಂದೆ. ಯಾವುದೇ ದ್ರವ ಗಟ್ಟಿಯಾದರೂ ಹೀಗೆಯೇ, ಕುಗ್ಗುತ್ತದೆ, ಬರೆದುಕೊಳ್ಳಿ ಎಂದೆ.

ಸೆಪ್ಟೆಂಬರ್ 15, ಸೋಮವಾರ

ನಾನು ಒಳಗೆ ಹೋಗುವಾಗ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಬಾಟಲಿ ಇತ್ತು. ಒಳಗೆ ಮಂಜುಗಡ್ಡೆ. ಬಾಟಲಿಯ ತಳ ಉಬ್ಬಿ ಒಂದು ಕಡೆ ಸೀಳಿತ್ತು. ಯಾರದ್ದು ಎಂದರೆ ಕೊನೆಯ ಬೆಂಚಿನಿಂದ ಮೌನಿ ಕೈ ಎತ್ತಿದಳು. ಅಂಚಿನವರೆಗೆ ನೀರು ತುಂಬಿ ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಇಟ್ಟಿದ್ದಳಂತೆ. ಹೇಳಿದ್ದು ಅವಳಲ್ಲ, ರೇಡಿಯೊ.

ನೀರು ಗಟ್ಟಿಯಾದರೆ ಕುಗ್ಗಬೇಕಿತ್ತು. ಇದು ಉಬ್ಬಿದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಶುಕ್ರವಾರ ನಾನು ಹೇಳಿದ್ದು ತಪ್ಪು, ಹೊಡೆದುಹಾಕಿ ಎಂದೆ. ಯಾಕೆ ಹೀಗಾಗುತ್ತದೆ ಎಂದು ನನಗೆ ಗೊತ್ತಿಲ್ಲ, ತಿಳಿದುಕೊಂಡು ಬರುತ್ತೇನೆ ಎಂದೆ. ಮೂವತ್ತಾರು ಪೆನ್ನು ಒಟ್ಟಿಗೆ ಹೊಡೆದುಹಾಕಿದ ಸದ್ದು ಕೇಳಿಸಿತು.

ಸಂಜೆ ಟೀಚರಿಗೆ ಫೋನ್ ಮಾಡಿದೆ. ನೀರಿನ ಕಣಗಳು ಗಟ್ಟಿಯಾಗುವಾಗ ಒಂದು ಚೌಕಟ್ಟಿನ ಹಾಗೆ ಕೈಕೈ ಹಿಡಿದು ನಿಲ್ಲುತ್ತವಂತೆ, ನಡುವೆ ಟೊಳ್ಳು ಉಳಿಯುತ್ತದಂತೆ, ಅದಕ್ಕೇ ಮಂಜುಗಡ್ಡೆ ನೀರಿಗಿಂತ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ, ತೇಲುತ್ತದೆ. ಚೆನ್ನಾಗಿ ಹೇಳಿದರು. ಆಮೇಲೆ, ಅದೆಲ್ಲ ಪರೀಕ್ಷೆಗೆ ಬರೋಲ್ಲ, ನೋಟ್ಸ್ ಬರೆಸಿದರೆ ಸಾಕು ಎಂದರು. ಎರಡನೆಯ ಚೌಕದ ವಿಷಯ ನಾಲಿಗೆ ತುದಿಯ ತನಕ ಬಂದಿತ್ತು. ಕಾಲು ನೋಯುತ್ತಿದೆ ಎಂದು ಅವರೇ ಫೋನ್ ಇಟ್ಟರು. ಇನ್ನೊಂದು ದಿನ ಹೇಳಿದರಾಯಿತು.

ಸೆಪ್ಟೆಂಬರ್ 18, ಗುರುವಾರ

ಮೌನಿಯ ಚಿಕ್ಕಪ್ಪ ಬಂದಿದ್ದ. ಹೊಲಿಗೆ ಅಂಗಡಿಯವನು, ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. ಅವಳಿಗೆ ಅಪ್ಪ ಅಮ್ಮ ಇಲ್ಲ, ಇವನ ಮನೆಯಲ್ಲೇ ಬೆಳೆದವಳು. ದೊಡ್ಡ ಮೇಡಂ ಹಳೆಯ ಅಂಕಪಟ್ಟಿ ತೋರಿಸಿದರು. ಉಳಿದದ್ದರಲ್ಲಿ ಹೇಗೋ ದಾಟುತ್ತಾಳೆ, ವಿಜ್ಞಾನದಲ್ಲಿ ಮೂರು ಪರೀಕ್ಷೆಯಿಂದ ಫೇಲು. ಅವನು ಕೂಗಾಡುವ ಜಾತಿಯಲ್ಲ. ತಣ್ಣಗೆ ಹೇಳಿದ: ಈ ಅರ್ಧವಾರ್ಷಿಕದಲ್ಲೂ ಫೇಲಾದರೆ ಬಿಡಿಸಿಬಿಡುತ್ತೇನೆ, ಅಂಗಡಿಯಲ್ಲಿ ಗುಂಡಿಗೆ ಕಾಜ ಹೊಲಿಯಲು ಒಬ್ಬರು ಬೇಕು, ಮಾತೂ ಬಾರದ ಓದೂ ಬಾರದ ಹುಡುಗಿಯನ್ನು ಇಲ್ಲಿ ಕೂರಿಸಿ ಏನು ಮಾಡಲಿ.

ನಾನು ಬಾಗಿಲ ಹತ್ತಿರ ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ. ಮಂಜುಗಡ್ಡೆಯ ಬಾಟಲಿಯ ಕತೆ ಹೇಳಬೇಕೆನ್ನಿಸಿತು. ನನ್ನನ್ನು ಯಾರು ಕೇಳಿದರು? ಸುಮ್ಮನೆ ಬಂದೆ.

ಸೆಪ್ಟೆಂಬರ್ 24, ಬುಧವಾರ

ಪುನರಾವರ್ತನೆ. ಮೌನಿಯನ್ನು ಎರಡನೆಯ ಬೆಂಚಿಗೆ ಕರೆಸಿಕೊಂಡಿದ್ದೇನೆ. ಪ್ರಶ್ನೆ ಕೇಳಿದರೆ ಉತ್ತರ ಬರೆದು ತೋರಿಸುತ್ತಾಳೆ. ಅಕ್ಷರ ಕೋಳಿ ಕೆದಕಿದ ಹಾಗೆ, ಉತ್ತರ ಸರಿ. ವ್ಯಾಖ್ಯೆ ಬಾಯಿಪಾಠ ಮಾಡು ಎಂದರೆ ಮಾತ್ರ ಒಂದಕ್ಕೊಂದು ಕಲಸಿಹಾಕುತ್ತಾಳೆ. ಊಟದ ಬಿಡುವಿನಲ್ಲಿ ಅರ್ಧ ಗಂಟೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದೇನೆ. ಸ್ವಲ್ಪ ಸ್ವಲ್ಪ ಬರುತ್ತಿದೆ.

ಲ್ಯಾಬಿನ ಸಾಮಾನಿನ ಮೇಲೆ ಧೂಳು ಕೂತಿದೆ ಎಂದು ದೊಡ್ಡ ಮೇಡಂ ಎಚ್ಚರಿಸಿದರು. ನಾಳೆ ಒರೆಸಬೇಕು.

ಸೆಪ್ಟೆಂಬರ್ 29, ಸೋಮವಾರ

ವಿಜ್ಞಾನ ಪರೀಕ್ಷೆ ಮುಗಿಯಿತು. ಏಳನೆಯ ಪ್ರಶ್ನೆ: ಘನ, ದ್ರವ, ಅನಿಲಗಳಲ್ಲಿ ಕಣಗಳ ಅಂತರವನ್ನು ಚಿತ್ರ ಬರೆದು ತೋರಿಸಿ. ಆರು ಅಂಕ, ಚೌಕಕ್ಕೆ ಎರಡು. ಪ್ರಶ್ನೆಪತ್ರಿಕೆ ನೋಡಿ ನನಗೇ ಕುಣಿಯುವಷ್ಟು ಖುಷಿಯಾಯಿತು. ಹೊರಗೆ ಬಂದ ಮೌನಿ ನನ್ನ ಹತ್ತಿರ ಬಂದು ಏಳನೆಯದು ಎಂದು ಬೆರಳಿನಲ್ಲಿ ತೋರಿಸಿ, ಸರಿಯಾಗಿ ಬರೆದಿದ್ದೇನೆ ಎನ್ನುವ ಹಾಗೆ ತಲೆ ಆಡಿಸಿದಳು.

ಸಂಜೆ ಉತ್ತರಪತ್ರಿಕೆಗಳ ಕಟ್ಟನ್ನು ಟೀಚರ್ ಮನೆಗೆ ತಲುಪಿಸಿದೆ. ಕಾಲು ಚಾಚಿ ಕೂತೇ ತಿದ್ದುತ್ತಾರಂತೆ. ಅವರ ಮನೆಗೆ ನೆಂಟರು ಬಂದಿದ್ದರು. ಕಟ್ಟು ಕೊಟ್ಟು ಬಂದೆ.

ಅಕ್ಟೋಬರ್ 6, ಸೋಮವಾರ

ಕಟ್ಟು ವಾಪಸ್ಸು ಬಂತು. ಮೂವತ್ತಾರರಲ್ಲೂ ಎರಡನೆಯ ಚೌಕಕ್ಕೆ ಕೆಂಪು ಅಡ್ಡಗೆರೆ. ಮೂವತ್ತಾರರಲ್ಲೂ ಎರಡು ಅಂಕ ಹೋಗಿದೆ. ಕೊನೆಯ ಕೆಲವು ಪತ್ರಿಕೆಗಳಲ್ಲಿ ಪೆನ್ನು ಹಾಳೆ ಹರಿಯುವ ಹಾಗೆ ಓಡಿದೆ.

ಮೌನಿಗೆ ಮೂವತ್ತಮೂರು. ದಾಟಲು ಮೂವತ್ತೈದು ಬೇಕು.

ನಾನು ಮಾಡಿದ್ದು. ಒಂದು ಫೋನಿನಲ್ಲಿ ಮುಗಿಯುವ ಮಾತನ್ನು ಒಂದು ತಿಂಗಳು ನುಂಗಿಕೊಂಡು ಕೂತೆ.

ಅಕ್ಟೋಬರ್ 7, ಮಂಗಳವಾರ

ಶಾಲೆ ಬಿಟ್ಟ ಕೂಡಲೇ ಟೀಚರ್ ಮನೆಗೆ ಹೋದೆ. ಎಲ್ಲ ಹೇಳಿದೆ. ಸಿರಿಂಜ್, ಬಕೆಟ್, ಬೋರ್ಡಿನ ಮೇಲಿನ ಚಿತ್ರ ಒರೆಸಿದ್ದು, ಎಲ್ಲ. ಅವರು ಕಾಲಿನ ಪಟ್ಟಿಯ ಅಂಚನ್ನು ಎಳೆಯುತ್ತಾ ಕೂತಿದ್ದರು.

"ನಿನಗೆ ಬರೆಸು ಅಂದಿದ್ದು. ಕಲಿಸು ಅಂತ ಯಾರು ಹೇಳಿದ್ರು?"

ಯಾರೂ ಹೇಳಲಿಲ್ಲ ಟೀಚರ್ ಎಂದೆ. ಮೂವತ್ತಾರು ಮಕ್ಕಳೂ ಒಂದೇ ತಪ್ಪು ಬರೆದಿದ್ದಾರೆ ಎಂದರೆ ತಾನು ಕಳೆದ ವರ್ಷ ಏನು ಕಲಿಸಿದೆ ಎಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡಿದ್ದರಂತೆ. ಅದು ತಪ್ಪಲ್ಲ, ಒಂದು ಸಲ ಒತ್ತಿ ನೋಡಿ ಎಂದೆ. ಅವರಿಗೆ ಇನ್ನೂ ಸಿಟ್ಟು ಬಂತು. ಪುಸ್ತಕದಲ್ಲಿ ಆ ಚಿತ್ರ ಇದೆ, ಮಾದರಿ ಉತ್ತರದಲ್ಲೂ ಇದೆ, ಮೇಲಿನವರು ಬಂದು ಪತ್ರಿಕೆ ತೆರೆದು ನೋಡಿದರೆ ಬಾಟಲಿ ತೊಳೆಯುವವಳು ಹೇಳಿದಳು ಅನ್ನಲಾ ಎಂದರು. ಅವರ ಮಾತು ಚುಚ್ಚಿತು. ಆದರೆ ನನ್ನ ಹತ್ತಿರ ಸಿಟ್ಟಾಗಲು ಹೊತ್ತಿರಲಿಲ್ಲ. ಮೌನಿಯ ಕತೆ ಹೇಳಿದೆ, ಚಿಕ್ಕಪ್ಪ, ಅಂಗಡಿ, ಕಾಜ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ದೊಡ್ಡ ಮೇಡಂ ಹತ್ತಿರ ಮಾತಾಡುತ್ತೇನೆ, ನೀನು ಹೋಗು ಎಂದರು.

ಅಕ್ಟೋಬರ್ 8, ಬುಧವಾರ

ದೊಡ್ಡ ಮೇಡಂ ದಾರಿ ಹುಡುಕಿದ್ದಾರೆ. ಉಳಿದವರಿಗೆ ಎರಡು ಅಂಕದಿಂದ ಏನೂ ಕೊಳ್ಳೆ ಹೋಗುವುದಿಲ್ಲ. ಮೌನಿಯೊಬ್ಬಳನ್ನು ಕೂರಿಸಿ, ಏಳನೆಯ ಪ್ರಶ್ನೆಯನ್ನು ಬೇರೆ ಹಾಳೆಯಲ್ಲಿ ಮತ್ತೆ ಬರೆಸುವುದು. ಪುಸ್ತಕದಲ್ಲಿರುವ ಹಾಗೆ ಬರೆದರೆ ಎರಡು ಅಂಕ, ಮೂವತ್ತೈದು, ಪಾಸು. ಟೀಚರ್ ನಾಳೆ ಗಾಡಿ ಮಾಡಿಕೊಂಡು ಬಂದು ಸಹಿ ಹಾಕುತ್ತಾರೆ. ಹೊರಗೆ ಬಾಯಿ ಬಿಡಬಾರದು.

ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಎರಡೇ ನಿಮಿಷದ ಕೆಲಸ. ಹತ್ತಿಪ್ಪತ್ತು ಚುಕ್ಕೆ.

ಮನೆಯಲ್ಲಿ ಯಜಮಾನರು ಎರಡು ಸಲ ಏನಾಯಿತು ಎಂದು ಕೇಳಿದರು. ಏನಿಲ್ಲ ಎಂದೆ.

ಅಕ್ಟೋಬರ್ 9, ಗುರುವಾರ

ಲ್ಯಾಬಿನಲ್ಲೇ ಕೂರಿಸಿದೆವು. ಟೀಚರ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ, ದೊಡ್ಡ ಮೇಡಂ ಬಾಗಿಲ ಹತ್ತಿರ, ನಾನು ಮೇಜಿನ ಆಚೆ. ಮೌನಿಯ ಮುಂದೆ ಒಂದು ಬಿಳಿ ಹಾಳೆ. ದೊಡ್ಡ ಮೇಡಂ ಅವಳಿಗೆ ವಿಷಯ ಹೇಳಿದರು, ಮೃದುವಾಗಿಯೇ ಹೇಳಿದರು. ಪುಸ್ತಕವನ್ನೂ ತೆರೆದು ಪಕ್ಕದಲ್ಲಿಟ್ಟರು.

ಅವಳು ಮೊದಲ ಚೌಕ ಬರೆದಳು. ಎರಡನೆಯದನ್ನು ಬಿಟ್ಟು ಮೂರನೆಯದನ್ನು ಬರೆದಳು. ಆಮೇಲೆ ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. ನನಗೆ ಆ ನೋಟ ತಡೆಯಲಾಗಲಿಲ್ಲ.

"ಪುಸ್ತಕದಲ್ಲಿ ಇರೋ ಹಾಗೆ ಬರಿ ಮರಿ," ಎಂದೆ.

"ಅದು ತಪ್ಪಲ್ವಾ ಮೇಡಂ?"

ಕೇಳಿದ್ದು ನನ್ನನ್ನೇ. ಅವಳ ದನಿ ನಾನು ಕೇಳಿದ್ದು ಇವತ್ತೇ. ಸ್ವಲ್ಪ ಒಡಕು ದನಿ, ದೊಡ್ಡ ಹೆಂಗಸಿನ ದನಿಯ ಹಾಗಿದೆ. ನಾನು ತಪ್ಪೇ ಎಂದೆ. ಆದರೂ ಬರಿ ಎಂದೆ. ಬರೆಯದಿದ್ದರೆ ಚಿಕ್ಕಪ್ಪ ಬಿಡಿಸುತ್ತಾನೆ, ಗೊತ್ತಲ್ಲ ಎಂದೂ ಹೇಳಿದೆ. ಗೊತ್ತು ಎಂದಳು. ಪೆನ್ಸಿಲ್ ಎತ್ತಿಕೊಂಡಳು, ಮತ್ತೆ ಇಟ್ಟಳು.

"ನೀವು ಹೇಳಿಕೊಟ್ಟಿದ್ದು ಮಾತ್ರ ಆಗಿದ್ರೆ ಬಿಟ್ಟುಬಿಡ್ತಿದ್ದೆ. ನಾನೇ ಒತ್ತಿ ನೋಡಿದೀನಿ. ಹೋಗಲಿಲ್ಲ."

ದೊಡ್ಡ ಮೇಡಂ ಏನೋ ಹೇಳಲು ಹೊರಟರು. ಟೀಚರ್ ಕೈ ಅಡ್ಡ ಹಿಡಿದು ತಡೆದರು. ಏನು ಒತ್ತಿದೆ, ತೋರಿಸು ಎಂದರು.

ಅವಳು ಎದ್ದು ಡಬ್ಬಿಯಿಂದ ಸಿರಿಂಜ್ ತೆಗೆದು ನೀರು ತುಂಬಿ ಟೀಚರ್ ಕೈಗೆ ಕೊಟ್ಟಳು. ಟೀಚರ್ ಒತ್ತಿದರು. ಹೋಗುತ್ತಲ್ಲ, ಒಂಚೂರು ಹೋಯಿತು ಎಂದರು. ಗುಳ್ಳೆ ಇದೆ ಟೀಚರ್, ಮೇಲೆ ಹಿಡಿದು ಬಿಟ್ಟುಬಿಡಿ ಎಂದಳು ಮೌನಿ. ಬಿಟ್ಟರು. ಮತ್ತೆ ಒತ್ತಿದರು. ಕೈ ಬದಲಿಸಿ ಒತ್ತಿದರು. ಸಿರಿಂಜನ್ನು ಮೇಜಿನ ಮೇಲೆ ನಿಲ್ಲಿಸಿ ಅಂಗೈಯಿಂದ ಭಾರ ಬಿಟ್ಟು ಒತ್ತಿದರು. ಮುಖ ಕೆಂಪಾಯಿತು. ಇನ್ನೊಂದು ಕೊಡು ಎಂದರು. ಅದನ್ನೂ ಒತ್ತಿದರು. ಆಮೇಲೆ ಗಾಳಿ ಎಳೆದು ಒತ್ತಿ, ಅದು ಅರ್ಧಕ್ಕೆ ಹೋಗಿದ್ದನ್ನು ನೋಡುತ್ತಾ ಕೂತರು. ಸ್ವಲ್ಪ ಹೊತ್ತು ನನ್ನೊಬ್ಬಳನ್ನೇ ಬಿಡಿ ಎಂದರು.

ನಾನು ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಟೀಚರ್ ನನ್ನನ್ನು ಅಂದಿದ್ದಕ್ಕಲ್ಲ. ಆ ಮಗುವಿಗೆ ತಪ್ಪನ್ನು ಬರಿ ಎಂದವಳು ನಾನು. ಮೂವರು ದೊಡ್ಡವರಿದ್ದೆವು ಆ ಕೋಣೆಯಲ್ಲಿ. ನಾಚಿಕೆಯಾಗುತ್ತದೆ, ಇನ್ನೂ ಆಗುತ್ತಿದೆ.

ಅಕ್ಟೋಬರ್ 10, ಶುಕ್ರವಾರ

ಟೀಚರ್ ಇವತ್ತೂ ಬಂದಿದ್ದರು. ಕಟ್ಟು ತರಿಸಿಕೊಂಡು ಮೂವತ್ತಾರು ಪತ್ರಿಕೆಗಳನ್ನೂ ಒಂದೊಂದಾಗಿ ತೆರೆದು, ಎರಡನೆಯ ಚೌಕದ ಅಡ್ಡಗೆರೆಯ ಪಕ್ಕ ಸರಿ ಗುರುತು ಹಾಕಿ, ಎರಡು ಅಂಕ ಸೇರಿಸಿ, ಪ್ರತಿಯೊಂದಕ್ಕೂ ಸಹಿ ಮಾಡಿದರು. ನಾನು ಹಾಳೆ ತಿರುವಿ ಕೊಡುತ್ತಿದ್ದೆ. ಮೇಲಿನವರು ಕೇಳಿದರೆ ಎಂದು ದೊಡ್ಡ ಮೇಡಂ ಅನುಮಾನ ಮಾಡಿದರು. ಕೇಳಿದರೆ ಅವರ ಕೈಗೂ ಒಂದು ಸಿರಿಂಜ್ ಕೊಡ್ತೀನಿ ಎಂದರು ಟೀಚರ್.

ಇಪ್ಪತ್ತನೆಯ ಪತ್ರಿಕೆಯ ಹತ್ತಿರ ಪೆನ್ನು ನಿಲ್ಲಿಸಿದರು. ತಾನು ಹದಿನೆಂಟು ವರ್ಷದಿಂದ ಆ ಚಿತ್ರ ಬರೆಸಿದ್ದೇನೆ, ವರ್ಷಕ್ಕೆ ಮೂವತ್ತು ಮಕ್ಕಳೆಂದರೂ ಎಷ್ಟಾಯಿತು ಎಂದರು. ಐನೂರ ನಲವತ್ತು ಎಂದೆ. ಲೆಕ್ಕ ಮಾಡಿ ಹೇಳಲೇಬೇಕಿತ್ತಾ ಎಂದು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಇಬ್ಬರಿಗೂ ನಗು ಬಂತು.

ಮೊನ್ನೆ ಆಡಿದ ಮಾತಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಹೋಗುವಾಗ ಗಾಡಿಯ ತನಕ ನನ್ನ ಭುಜ ಹಿಡಿದುಕೊಂಡು ನಡೆದರು. ನನಗೆ ಅಷ್ಟು ಸಾಕು.

ಅಕ್ಟೋಬರ್ 13, ಸೋಮವಾರ

ಆರು ವಾರ ಮುಗಿಯಿತು ಎಂದು ಇವತ್ತು ಬೆಳಿಗ್ಗೆ ಟೀಚರ್ ಕೋಲೂರಿಕೊಂಡು ಬಂದು ಹಾಜರಿಗೆ ಸಹಿ ಮಾಡಿದಾಗಲೇ ನನಗೆ ಹೊಳೆದದ್ದು. ಬೆಳಿಗ್ಗೆ ತರಗತಿಗೆಂದು ಮೇಣದ ಬಟ್ಟಲು ತೆಗೆದಿಟ್ಟಿದ್ದೆ. ವಾಪಸ್ಸು ಕಪಾಟಿನಲ್ಲಿಟ್ಟೆ. ನಾಲ್ಕನೆಯ ಪೀರಿಯಡ್ಡಿನಲ್ಲಿ ಟೆಸ್ಟ್ ಟ್ಯೂಬ್ ತೊಳೆಯುತ್ತಾ ಇದ್ದೆ. ಗೋಡೆಯ ಆಚೆ ನನ್ನ ಮಕ್ಕಳು ಜೋರಾಗಿ ಏನೋ ಹೇಳುತ್ತಿದ್ದರು, ನಲ್ಲಿಯ ಸದ್ದಿನಲ್ಲಿ ಕೇಳಿಸಲಿಲ್ಲ. ನಲ್ಲಿ ನಿಲ್ಲಿಸಿದೆ.

ಮಧ್ಯಾಹ್ನ ಮೌನಿಯ ಚಿಕ್ಕಪ್ಪ ಬಂದ. ದೊಡ್ಡ ಮೇಡಂ ಕೋಣೆಗೆ ನನ್ನನ್ನೂ ಕರೆದರು. ಟೀಚರ್ ಅಲ್ಲೇ ಇದ್ದರು. ಮೌನಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಶಾಲೆ ಬಿಡಿಸುವ ಪತ್ರಕ್ಕೆ ಅರ್ಜಿಯನ್ನು ಅವನು ಮನೆಯಲ್ಲೇ ಬರೆದುಕೊಂಡು ಬಂದಿದ್ದ, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟಿದ್ದ. ಮೇಡಂ ಅಂಕಪಟ್ಟಿ ಅವನ ಕೈಗೆ ಕೊಟ್ಟರು. ಬೆರಳಿಟ್ಟು ಒಂದೊಂದೇ ಸಾಲು ಓದಿದ. ವಿಜ್ಞಾನದ ಮೇಲೆ ಬೆರಳು ನಿಂತಿತು.

"ಮೂವತ್ತೈದು ಅಂದ್ರೆ ಪಾಸಾ?"

ಪಾಸು ಎಂದರು ಟೀಚರ್. ಅವನು ಅರ್ಜಿಯನ್ನು ಹೊರಗೆ ತೆಗೆಯಲಿಲ್ಲ. ಜೇಬಿನ ಮೇಲೆ ಕೈಯಿಟ್ಟುಕೊಂಡ. ಅಂಗಡಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ, ಇವಳು ಬರಲಿ ಎಂದು ಯಾರಿಗೋ ಹೇಳುವ ಹಾಗೆ ಹೇಳಿದ. ಮೌನಿ ಉಸಿರು ಬಿಟ್ಟದ್ದು ನನ್ನ ತನಕ ಕೇಳಿಸಿತು. ಆಮೇಲೆ ಅವನು, ಒಂದು ಕೇಳಬೇಕು ಮೇಡಂ ಎಂದು ಶುರು ಮಾಡಿದ. ಈ ಹುಡುಗಿ ಐದು ವರ್ಷದಿಂದ ಮನೆಯಲ್ಲಿ ಹೂಂ ಊಹೂಂ ಬಿಟ್ಟು ಬೇರೆ ಮಾತಾಡಿದವಳಲ್ಲ. ಈಗ ಮೂರ್ನಾಲ್ಕು ದಿನದಿಂದ ಒಂದೇ ಸಮ ತಲೆ ತಿನ್ನುತ್ತಿದ್ದಾಳೆ. ಇಸ್ತ್ರಿ ಪೆಟ್ಟಿಗೆಯ ಹಬೆ ಎಲ್ಲಿಗೆ ಹೋಗುತ್ತದೆ, ಬಟ್ಟೆ ಒದ್ದೆಯಾದರೆ ಯಾಕೆ ಭಾರ, ಉತ್ತರ ಹೇಳುವ ತನಕ ಹೊಲಿಗೆ ಯಂತ್ರದ ಮುಂದಿನಿಂದ ಏಳುವುದಿಲ್ಲ.

"ಯಾರು ಇವಳಿಗೆ ಪಾಠ ಮಾಡಿದ್ದು?"

ದೊಡ್ಡ ಮೇಡಂ ಟೀಚರ್ ಕಡೆ ನೋಡಿದರು. ಟೀಚರ್ ನನ್ನ ಕಡೆ ನೋಡಿದರು.

"ನಾನೇ," ಎಂದೆ.